ಟವರ್ ಕೇಸ್ ಬಿಟ್ಟು ಚಿಕ್ಕದಕ್ಕೆ ಹೋಗಬೇಕು: ಐಟಿಎಕ್ಸ್ ಮಾಡಲಾ, ಮೈಕ್ರೋ-ಎಟಿಎಕ್ಸ್ ಸಾಕಾ?

ನವನಗರ ಎಡಿಟರ್

ಎಲ್ಲರಿಗೂ ನಮಸ್ಕಾರ. ಮನೆ ಬಾಗಲಕೋಟೆ, ಕೆಲಸ ಬೆಳಗಾವಿ. ರೂಮಿನಲ್ಲಿ ಇಬ್ಬರಿದ್ದೇವೆ, ಟೇಬಲ್ ಒಂದೇ. ಸೈಡಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಸೀಸನ್ ಬಂದರೆ ಪಿಸಿಯನ್ನೇ ಊರಿಗೆ ಹೊತ್ತುಕೊಂಡು ಹೋಗಬೇಕಾಗುತ್ತದೆ, ಯಾಕೆಂದರೆ ಪಾರ್ಟಿಯವರು ಮನೆಗೇ ಬಂದು ಪಕ್ಕದಲ್ಲಿ ಕೂತು "ಇದು ತೆಗೀರಿ, ನಮ್ಮ ಮಾವನವರ ಶಾಟ್ ಹಾಕ್ರಿ" ಅನ್ನುತ್ತಾರೆ.

ಈಗಿರುವುದು: ರೈಜೆನ್ 5 5600 ಸಿಪಿಯು, ಬಿ550 ಮೈಕ್ರೋ-ಎಟಿಎಕ್ಸ್ (ಮಧ್ಯಮ ಗಾತ್ರದ) ಮದರ್‌ಬೋರ್ಡ್, ಎರಡು ಫ್ಯಾನಿನ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟಿನ ಮಾಮೂಲಿ ಎಟಿಎಕ್ಸ್ ಪವರ್ ಸಪ್ಲೈ, 155 ಮಿ.ಮೀ. ಎತ್ತರದ ಟವರ್ ಸಿಪಿಯು ಕೂಲರ್. ಎಲ್ಲಾ ಒಂದು ದೊಡ್ಡ ಗಾಜಿನ ಕೇಸಿನಲ್ಲಿದೆ. ಬಸ್ ಕಂಡಕ್ಟರ್ ಅದನ್ನು ನೋಡಿದ ಕೂಡಲೇ ಲಗೇಜ್ ಟಿಕೆಟ್ ಹರಿಯುತ್ತಾನೆ.

ಮನಸ್ಸು ಇರುವುದು ಕೂಲರ್ ಮಾಸ್ಟರ್ ಎನ್‌ಆರ್200 ಅನ್ನುವ ಚಿಕ್ಕ ಐಟಿಎಕ್ಸ್ ಕೇಸಿನ ಮೇಲೆ. ಅದಕ್ಕೆ ಬೋರ್ಡ್ ಕೂಡ ಬದಲಾಯಿಸಬೇಕು ಅಂತ ಗೊತ್ತು. ಹಾಗೆ ಮಾಡಲಾ, ಅಥವಾ ಇದೇ ಬೋರ್ಡಿಗೆ ಚಿಕ್ಕ ಕೇಸ್ ಹುಡುಕಲಾ? ಆರ್‌ಜಿಬಿ ಬಣ್ಣದ ದೀಪ ಬೇಡ. ಗಾಜು ಅಂತೂ ಬೇಡವೇ ಬೇಡ.

ಗುಮ್ಮಟ ಗೇಮರ್

ಎನ್‌ಆರ್200 ಕಣ್ಣು ಮುಚ್ಚಿ ತಗೊಳ್ಳಿ. 2020ರಲ್ಲಿ ಬಂದ ಕೇಸ್, ಇವತ್ತಿಗೂ ಅದೇ ರಾಜ.

ಕೇಬಲ್ ಕಾಕಾ

ಕಣ್ಣು ಮುಚ್ಚಿ ಏನೂ ತಗೋಬೇಡ ತಮ್ಮಾ, ಟೇಪ್ ಹಿಡಿದು ತಗೋ.

ಎನ್‌ಆರ್200ಗೆ ಮಿನಿ-ಐಟಿಎಕ್ಸ್ ಬೋರ್ಡ್ ಬೇಕು, ಅಂದರೆ 170×170 ಮಿ.ಮೀ. ನಿನ್ನದು ಮೈಕ್ರೋ, ದೊಡ್ಡದಾದರೆ 244×244 ಇರುತ್ತದೆ, ಅದರೊಳಗೆ ಹೋಗುವ ಮಾತೇ ಇಲ್ಲ. ಎರಡನೆಯದು ಪವರ್ ಸಪ್ಲೈ. ಅದಕ್ಕೆ ಎಸ್‌ಎಫ್‌ಎಕ್ಸ್ ಬೇಕು, 125×63.5×100 ಅಳತೆಯದು. ನಿನ್ನ ಎಟಿಎಕ್ಸ್ ಪವರ್ ಸಪ್ಲೈ ಅಗಲವೇ 150, ಎತ್ತರ 86. ಹಾಗಾದರೆ ಕೇಸ್ ಒಂದು, ಬೋರ್ಡ್ ಒಂದು, ಪವರ್ ಸಪ್ಲೈ ಒಂದು, ಮೂರೂ ಹೊಸದು. ಅದೂ ಎಎಂ4 (ನಿನ್ನ ರೈಜೆನ್ ಕೂರುವ ಸಾಕೆಟ್) ಇರುವ ಐಟಿಎಕ್ಸ್ ಬೋರ್ಡ್ ಈಗ ಹೊಸದಾಗಿ ಸಿಗುವುದೇ ಕಷ್ಟ, ಸಿಕ್ಕಿದರೂ ಮೈಕ್ರೋ ಬೋರ್ಡಿನ ಒಂದೂವರೆ ಪಟ್ಟು ರೇಟು ಹೇಳುತ್ತಾರೆ.

ನೀನು ಚಿಕ್ಕ ಕೇಸ್ ತಗೊಳ್ಳುತ್ತಿಲ್ಲ, ಹೊಸ ಪಿಸಿ ತಗೊಳ್ಳುತ್ತಿದ್ದೀ.

ಗುಮ್ಮಟ ಗೇಮರ್

ಕಾಕಾ, ಹಳೇ ಬೋರ್ಡು, ಪವರ್ ಸಪ್ಲೈ ಮಾರಿದರೆ ದುಡ್ಡು ಬರುತ್ತಲ್ವಾ? ಜೊತೆಗೆ ಅವರಿಗೆ ಹೊತ್ತುಕೊಂಡು ಓಡಾಡಬೇಕು. ಎನ್‌ಆರ್200ರ 18 ಲೀಟರಿಗೂ ಮೈಕ್ರೋ ಕೇಸಿನ 33 ಲೀಟರಿಗೂ ಹೆಗಲಿಗೆ ಗೊತ್ತಾಗುವಷ್ಟು ವ್ಯತ್ಯಾಸ ಇದೆ.

ಜೋಳದ ರೊಟ್ಟಿ

ಲೀಟರ್ ಅಂದರೆ ಏನು ಗುರುಗಳೇ? ಪಿಸಿಗೆ ನೀರು ತುಂಬುತ್ತೀರಾ?

ಮಾಸ್ತರ್

ಉದ್ದ, ಅಗಲ, ಎತ್ತರ ಗುಣಿಸಿದರೆ ಬರುವುದು. ಅಂಗಡಿಯಿಂದ ತರುವ ನೀರಿನ ಕ್ಯಾನ್ 20 ಲೀಟರ್ ಅಲ್ವಾ, ಸುಮಾರು ಅಷ್ಟು ಜಾಗ ಹಿಡಿದರೆ ಅಥವಾ ಅದಕ್ಕಿಂತ ಕಡಿಮೆ ಹಿಡಿದರೆ ಜನ ಅದನ್ನು ಚಿಕ್ಕ ಪಿಸಿ ಅಂತ ಕರೆಯುತ್ತಾರೆ.

ಆದರೆ ಈ ಲೀಟರ್ ಲೆಕ್ಕದಲ್ಲೂ ಕೈಚಳಕ ಇದೆ. ಎನ್‌ಆರ್200 ಅನ್ನೇ ನೋಡಿ. 18.25 ಲೀಟರ್ ಅನ್ನುತ್ತಾರೆ. ಅದು ಕಾಲು, ಉಬ್ಬು ಎಲ್ಲಾ ಬಿಟ್ಟು 360×185×274ರ ಲೆಕ್ಕ. ಕಾಲು, ಹಿಂದಿನ ಸ್ಕ್ರೂ ಸೇರಿಸಿ 376×185×292 ಹಿಡಿದರೆ 20.3 ಲೀಟರ್ ಆಗುತ್ತದೆ. ಬ್ಯಾಗಿನಲ್ಲಿ ಹಾಕುವವರು ಎರಡನೆಯದನ್ನೇ ನೋಡಬೇಕು. ಕಾಲು ಬಿಚ್ಚಿಟ್ಟು ಬಸ್ ಹತ್ತುತ್ತೀರಾ?

ಅಂದಹಾಗೆ ಎಟಿಎಕ್ಸ್ ಅಳತೆ ಇಂಟೆಲ್‌ನಿಂದ ಬಂದದ್ದು 1995ರಲ್ಲಿ. ಮಿನಿ-ಐಟಿಎಕ್ಸ್ ಅನ್ನು ತಂದದ್ದು 2001ರಲ್ಲಿ ವಿಐಎ ಕಂಪನಿ. ಅವರು ಅದನ್ನು ಮಾಡಿದ್ದು ಕಡಿಮೆ ಕರೆಂಟ್ ತಿನ್ನುವ ಪುಟ್ಟ ಮಷಿನ್‌ಗಳಿಗಾಗಿ. ನಾವು ಅದರ ಮೇಲೆ ಇಟ್ಟಿಗೆ ಗಾತ್ರದ ಗ್ರಾಫಿಕ್ಸ್ ಕಾರ್ಡ್ ಕೂರಿಸಿ ಬಿಸಿ ಆಯಿತು ಅಂತ ಅಳುತ್ತಿದ್ದೇವೆ.

ಬನಹಟ್ಟಿ ಮಗ್ಗ

ಎಲ್ಲರೂ ಅಳತೆ ಮಾತಾಡುತ್ತಿದ್ದೀರಿ, ಧೂಳಿನ ಮಾತು ಯಾರೂ ಎತ್ತಲಿಲ್ಲ.

ನಮ್ಮ ಮನೆಯ ಹಿಂದೆಯೇ ಪವರ್‌ಲೂಮ್. ಹತ್ತಿಯ ನವಿರು ಗಾಳಿಯಲ್ಲೇ ತೇಲುತ್ತಿರುತ್ತದೆ. ಫ್ಯಾನ್ ಅದನ್ನು ಎಳೆದು ಸಿಪಿಯು ಕೂಲರಿನ ರೆಕ್ಕೆಗಳ ಮಧ್ಯೆ ಹೊದಿಕೆ ಹಾಸಿದ ಹಾಗೆ ಕೂರಿಸುತ್ತದೆ. ಬಿಚ್ಚಿದರೆ ಬೆರಳಲ್ಲಿ ಹಿಡಿದು ಪೂರ್ತಿ ಪದರವನ್ನು ಒಂದೇ ತುಂಡಾಗಿ ಎಳೆಯಬಹುದು, ಫ್ಯಾನಿನ ಗುರುತು ಸಮೇತ ಬರುತ್ತದೆ. ಚಿಕ್ಕ ಕೇಸಿನಲ್ಲಿ ಇದು ಬೇಗ ಕಟ್ಟುತ್ತದೆ, ಬಿಚ್ಚುವುದು ಕಷ್ಟ. ಐಟಿಎಕ್ಸ್‌ನಲ್ಲಿ ಕೂಲರ್ ತೆಗೆಯಬೇಕಾದರೆ ಮೊದಲು ಕಾರ್ಡ್ ತೆಗಿ, ಆಮೇಲೆ ಕೇಬಲ್ ತೆಗಿ, ಆಮೇಲೆ ಪವರ್ ಸಪ್ಲೈ ಸರಿಸು, ಅಷ್ಟರಲ್ಲಿ ಚಹಾ ಆರಿರುತ್ತದೆ.

ನನ್ನ ಉಪಾಯ ಹೇಳುತ್ತೇನೆ, ನಗಬೇಡಿ. ಗಾಳಿ ಒಳಗೆ ಹೋಗುವ ಕಡೆ ಸೊಳ್ಳೆ ಪರದೆಯ ಬಟ್ಟೆಯನ್ನು ಅಳತೆಗೆ ಕತ್ತರಿಸಿ, ಅಂಚಿಗೆ ಮ್ಯಾಗ್ನೆಟ್ ಪಟ್ಟಿ ಅಂಟಿಸಿದ್ದೇನೆ. ಕೈಯಲ್ಲೇ ತೆಗೆದು ಜಾಡಿಸಿ ಮತ್ತೆ ಅಂಟಿಸಿದರೆ ಮುಗಿಯಿತು. ಕೇಸ್ ಕಬ್ಬಿಣದ್ದಿರಬೇಕು ಅಷ್ಟೇ, ಅಲ್ಯುಮಿನಿಯಂಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ.

ಗುಮ್ಮಟ ಗೇಮರ್

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಒಂದು ನಿಮಿಷದ ಕೆಲಸ. ಇಷ್ಟಕ್ಕೆಲ್ಲ ಸೊಳ್ಳೆ ಪರದೆ ಯಾಕೆ?

ಕೇಬಲ್ ಕಾಕಾ

ಯಪ್ಪಾ, ಅದೊಂದು ಮಾತ್ರ ಮಾಡಬೇಡಿ. ಆ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಕೂತಿರುತ್ತದೆ, ಜೊತೆಗೆ ಎಣ್ಣೆಯ ಹನಿ. ಧೂಳಿನ ಜೊತೆ ಅದೂ ಬೋರ್ಡಿನ ಮೇಲೆ ಬೀಳುತ್ತದೆ. ಕೈಯಲ್ಲಿ ಹಿಡಿಯುವ ಕರೆಂಟ್ ಬ್ಲೋಯರ್ ಸಾಕು. ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ. ಸುಮ್ನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ಕುಂದಾ ಬೇಕು

ಬೆಳಗಾವಿಯಲ್ಲಿ ಈ ಧೂಳಿನ ತಲೆನೋವು ಇಲ್ಲ ನೋಡಿ. ತಂಪು ಊರು.

ಬನಹಟ್ಟಿ ಮಗ್ಗ

ಅದಕ್ಕೇ ಮಳೆಗಾಲದಲ್ಲಿ ನಿಮ್ಮ ಗೋಡೆ, ಬಟ್ಟೆ, ಉಪ್ಪಿನ ಡಬ್ಬಿ ಎಲ್ಲಾ ಒದ್ದೆ. ಅಗ್ಗದ ಕೇಸ್ ಆದರೆ ಸ್ಕ್ರೂ ಹಾಕಿದಲ್ಲಿ ಬಣ್ಣ ಕಿತ್ತು ತುಕ್ಕು ಹತ್ತುತ್ತದೆ. ಯಾವ ಊರಿನವರಿಗೂ ಮಾಫಿ ಇಲ್ಲ.

ವಿಜಾಪುರ ಬಿಸಿಲು

ಎನ್‌ಆರ್200 ತಗೊಳ್ಳಿ ಅನ್ನುವವರು ಒಂದು ವಿಷಯ ಗಮನಿಸಿ. ಯೂಟ್ಯೂಬಿನಲ್ಲಿ ರಿವ್ಯೂ ಮಾಡುವವರ ರೂಮು 20, 22 ಡಿಗ್ರಿ ಇರುತ್ತದೆ. ಅಲ್ಲಿ ಕಾರ್ಡ್ 68 ತೋರಿಸಿತು ಅನ್ನಿ. ಕೇಸಿನ ಕೆಲಸ ಹೊರಗಿನ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ನಿಲ್ಲಿಸುವುದು, ಅಷ್ಟೇ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಫ್ಯಾನ್ ಹಾಕಿದ ರೂಮೇ 38 ಇರುತ್ತದೆ. 68ಕ್ಕೆ 16 ಸೇರಿಸಿ, 84 ಆಯಿತು. ಅದೇ ಕೇಸ್, ಅದೇ ಕಾರ್ಡ್.

ಹಾಗಂತ ಚಿಕ್ಕ ಕೇಸ್ ಬೇಡ ಅನ್ನುತ್ತಿಲ್ಲ. 4060 ಬರೀ 115 ವ್ಯಾಟಿನ ಕಾರ್ಡು, 5600 ಎಂದರೆ 65 ವ್ಯಾಟಿನ ಸಿಪಿಯು. ಇವು ಬಡಪಾಯಿಗಳು, ಎಲ್ಲಿಟ್ಟರೂ ಬದುಕುತ್ತವೆ. 300 ವ್ಯಾಟಿನ ಕಾರ್ಡ್ ಹಾಕುವವರು ನಮ್ಮ ಕಡೆ ಯೋಚನೆ ಮಾಡಬೇಕು. ಎಡಿಟರ್ ಸಾಹೇಬ್ರು ಯೋಚಿಸಬೇಕಾದ್ದು ಜಾಲರಿಯ ಬಗ್ಗೆ. ನಾಲ್ಕೂ ಕಡೆ ಉಸಿರಾಡುವ ಕೇಸ್ ಇರಲಿ.

ಜೋಳದ ರೊಟ್ಟಿ

ಏರ್ ಕೂಲರ್ ಮುಂದೆ ಪಿಸಿ ಇಟ್ಟರೆ? ನಮ್ಮ ಅಣ್ಣ ಹಾಗೇ ಇಟ್ಟಿದ್ದಾನೆ, ಬೇಸಿಗೆಯಲ್ಲಿ ಮಸ್ತ್ ಓಡುತ್ತದೆ.

ವಿಜಾಪುರ ಬಿಸಿಲು

ರೂಮಿನಲ್ಲಿ ಇದ್ದರೆ ಪರವಾಗಿಲ್ಲ, ಗಾಳಿ ತಣ್ಣಗಾಗುತ್ತದೆ. ಆದರೆ ನೇರ ಮುಂದೆ ಬೇಡ. ಪ್ಯಾಡು ಪೂರ್ತಿ ನೆನೆದಾಗ ಸಣ್ಣ ಹನಿ ಹಾರುತ್ತದೆ. ನಮ್ಮದು ಬೋರಿನ ಗಡಸು ನೀರು, ಆರಿದ ಮೇಲೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ. ಟಿವಿ ಗಾಜಿನ ಮೇಲೆ ನೋಡಿರಬೇಕಲ್ಲ, ಅದೇ ಬೋರ್ಡಿನ ಮೇಲೂ ಕೂರುತ್ತದೆ. ಅಣ್ಣನಿಗೆ ಹೇಳಿ, ಸ್ವಲ್ಪ ಪಕ್ಕಕ್ಕೆ ಸರಿಸಲಿ.

ಲ್ಯಾಪ್‌ಟಾಪ್ ಪಾರ್ಟಿ

ಹೊತ್ತುಕೊಂಡು ಓಡಾಡಬೇಕು ಅಂದರೆ ಲ್ಯಾಪ್‌ಟಾಪ್ ಅಂತ ಒಂದು ವಸ್ತು ಇದೆ ಸ್ವಾಮಿ. ಇಷ್ಟೊಂದು ಚರ್ಚೆ ಯಾಕೆ?

ಕೇಬಲ್ ಕಾಕಾ

ಬಂದರಪ್ಪಾ.

ನವನಗರ ಎಡಿಟರ್

ಲ್ಯಾಪ್‌ಟಾಪ್ ಇತ್ತು ಸರ್. ಎರಡು ತಾಸು ರೆಂಡರ್ ಹಾಕಿದರೆ ಕೀಬೋರ್ಡಿನ ಮೇಲೆ ಕೈ ಇಡುವ ಹಾಗಿರಲಿಲ್ಲ. ಆಮೇಲೆ ಬೋರ್ಡ್ ಹೋಯಿತು, ರಿಪೇರಿ ರೇಟು ಕೇಳಿ ವಾಪಸ್ ಬಂದೆ. ಪಿಸಿಯಲ್ಲಿ ಒಂದು ಪಾರ್ಟ್ ಹೋದರೆ ಒಂದೇ ಪಾರ್ಟ್ ಬದಲಾಯಿಸುತ್ತೇನೆ, ಆ ಸಮಾಧಾನ ಬೇಕು. ಜೊತೆಗೆ ಎರಡೂ ಊರಲ್ಲಿ ಮಾನಿಟರ್ ಇದೆ, ಹೊರಬೇಕಾದ್ದು ಡಬ್ಬಿ ಮಾತ್ರ.

ವಿಜಾಪುರದ ಸರ್, ಜಾಲರಿಯ ಕೇಸ್ ಅಂದರೆ ಯಾವುದು? ಮೈಕ್ರೋ ಬೋರ್ಡಿಗೆ, ಎಟಿಎಕ್ಸ್ ಪವರ್ ಸಪ್ಲೈ ಹಿಡಿಯುವಂಥದ್ದು.

ಮಾಸ್ತರ್

ಮೂರು ಹೆಸರು ಹೇಳುತ್ತೇನೆ.

ಕೂಲರ್ ಮಾಸ್ಟರ್ ಕ್ಯೂ300ಎಲ್ ಕಡಿಮೆ ರೇಟಿನದು, ಎಲ್ಲಾ ಕಡೆ ಸಿಗುತ್ತದೆ. 387×230×378, ಅಂದರೆ ಉದ್ದ, ಎತ್ತರ ಹತ್ತಿರತ್ತಿರ ಒಂದೇ. ಮ್ಯಾಗ್ನೆಟ್ ಫಿಲ್ಟರ್ ಜೊತೆಗೇ ಬರುತ್ತದೆ, ಬನಹಟ್ಟಿಯವರಿಗೆ ಇಷ್ಟ ಆಗಬಹುದು. ಆದರೆ ಫ್ಯಾನ್ ಒಂದೇ. ಪವರ್ ಸಪ್ಲೈ 160 ಮಿ.ಮೀ.ಗಿಂತ ಉದ್ದ ಇರಬಾರದು.

ಅಸುಸ್ ಎಪಿ201, 2022ರಲ್ಲಿ ಬಂದದ್ದು, 33 ಲೀಟರ್. 205×350×460. ಮೈತುಂಬಾ 1.5 ಮಿ.ಮೀ. ತೂತುಗಳು, ಅದೇ ಅದರ ಫಿಲ್ಟರ್ ಕೂಡ. ಕೂಲರ್ 170 ಮಿ.ಮೀ.ವರೆಗೆ, ಕಾರ್ಡ್ 338ರವರೆಗೆ. ಬಿಚ್ಚಲು ಸ್ಕ್ರೂಡ್ರೈವರ್ ಬೇಡ, ಎಳೆದರೆ ಪ್ಯಾನೆಲ್ ಕೈಗೆ ಬರುತ್ತದೆ. ಗಾಜಿನ ಮಾಡೆಲ್ ಕೂಡ ಇದೆ, ಆರ್ಡರ್ ಹಾಕುವಾಗ ಸರಿಯಾಗಿ ನೋಡಿ.

ಮೂರನೆಯದು ಲಿಯಾನ್ ಲೀ ಎ3. 2024ರದು, 26.3 ಲೀಟರ್. 194 ಅಗಲ, 306 ಎತ್ತರ, 443 ಉದ್ದ. ಇಷ್ಟರಲ್ಲೇ ಮೈಕ್ರೋ ಬೋರ್ಡು, ಎಟಿಎಕ್ಸ್ ಪವರ್ ಸಪ್ಲೈ, 165 ಮಿ.ಮೀ. ಕೂಲರ್ ಎಲ್ಲಾ ಹಿಡಿಯುತ್ತದೆ. ಪವರ್ ಸಪ್ಲೈ ಮುಂಭಾಗದಲ್ಲಿ ಕೂರುವುದರಿಂದ ಜಾಗ ಉಳಿದಿದೆ. ಇದರಲ್ಲಿ ಒಂದೂ ಫ್ಯಾನ್ ಕೊಡುವುದಿಲ್ಲ, ಅದರ ದುಡ್ಡು ಬೇರೆ ಎತ್ತಿಡಿ.

ಗುಮ್ಮಟ ಗೇಮರ್

ಎ3 ಬಗ್ಗೆ ಒಪ್ಪುತ್ತೇನೆ. ಎಪಿ201 ಬಸ್ಸಿಗೆ ಉದ್ದ ಆಯಿತು.

ಆದರೂ ಸ್ಯಾಂಡ್‌ವಿಚ್ ಕೇಸುಗಳನ್ನು ಯಾರೂ ಹೇಳಲಿಲ್ಲ. ಫ್ರ್ಯಾಕ್ಟಲ್ ಟೆರಾ 10.4 ಲೀಟರ್. ಬೋರ್ಡು ಒಂದು ಕಡೆ, ಕಾರ್ಡ್ ಬೆನ್ನ ಹಿಂದೆ. ನೋಡಿದರೆ ರೇಡಿಯೋ ಪೆಟ್ಟಿಗೆ ತರಹ, ಮುಂದೆ ಕಟ್ಟಿಗೆ ಪಟ್ಟಿ ಬೇರೆ.

ಕೇಬಲ್ ಕಾಕಾ

ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರಲ್ಲಿ ಕಾರ್ಡಿಗೂ ಬೋರ್ಡಿಗೂ ಮಧ್ಯೆ ರೈಸರ್ ಕೇಬಲ್ ಬರುತ್ತದೆ. ಕಾರ್ಡಿನ ಸ್ಲಾಟಿಗೆ (ಪಿಸಿಐಇ) ವೇಗದ ಜನರೇಷನ್ ಅಂತ ಇರುತ್ತದೆ. ಹಳೇ ಮೂರನೇ ಜನರೇಷನ್ ರೈಸರ್ ಸಿಕ್ಕಿ, ಬೋರ್ಡ್ ನಾಲ್ಕನೇ ಜನರೇಷನ್‌ನಲ್ಲಿ ಓಡಲು ಹೋದರೆ ಸ್ಕ್ರೀನ್ ಕಪ್ಪಾಗುತ್ತದೆ, ಇಲ್ಲ ಆಟದ ಮಧ್ಯೆ ನಿಲ್ಲುತ್ತದೆ. ಬಯೋಸಿಗೆ ಹೋಗಿ ಆ ಸ್ಲಾಟನ್ನು ಜೆನ್ 3ಗೆ ಇಳಿಸಬೇಕು. ಹೊಸಬರು ಇದು ಗೊತ್ತಾಗದೆ ಕಾರ್ಡೇ ಹೋಯಿತು ಅಂತ ಸರ್ವಿಸಿಗೆ ಕಳಿಸುತ್ತಾರೆ.

ಎನ್‌ಝಡ್‌ಎಕ್ಸ್‌ಟಿ ಎಚ್1 ನೆನಪಿದೆಯಾ? ನಿಂತಿರುವ ಗೋಪುರದ ತರಹದ ಕೇಸು. ಅದರ ರೈಸರ್ ಬೋರ್ಡನ್ನು ಕೇಸಿಗೆ ಬಿಗಿಯುವ ಸ್ಕ್ರೂನಿಂದ ಶಾರ್ಟ್ ಆಗಿ ಬೆಂಕಿ ಹೊತ್ತುವ ಭಯ ಇದೆ ಅಂತ 2021ರಲ್ಲಿ ಅಮೆರಿಕದಲ್ಲಿ ವಾಪಸ್ ಕರೆಸಿದರು. ಚಿಕ್ಕದರಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತದೆ. ಒಂದು ಸ್ಕ್ರೂ ಕೂಡ ಲೆಕ್ಕಕ್ಕೆ ಬರುತ್ತದೆ.

ಗುಮ್ಮಟ ಗೇಮರ್

ಅದು ಒಂದು ಕಂಪನಿಯ ಒಂದು ಮಾಡೆಲ್ ಕಾಕಾ. ಅದನ್ನು ತೋರಿಸಿ ಎಲ್ಲಾ ರೈಸರ್ ಕೆಟ್ಟದ್ದು ಅಂದರೆ ಹೇಗೆ? ನನ್ನದು ರೈಸರ್ ಕೇಸೇ, ಆರಾಮಾಗಿ ಇದೆ.

ಕೇಬಲ್ ಕಾಕಾ

ಎಲ್ಲಾ ಕೆಟ್ಟದ್ದು ಅಂತ ಎಲ್ಲಿ ಅಂದೆ? ಬಸ್ಸಿನಲ್ಲಿ ಕುಲುಕುವ ಪಿಸಿಗೆ ಜಾಯಿಂಟು ಕಡಿಮೆ ಇದ್ದಷ್ಟು ಒಳ್ಳೆಯದು ಅಂದೆ. ಬಾಗಲಕೋಟೆ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ನೋಡು, ನಿನ್ನ ಬೆನ್ನಿನ ರೈಸರೇ ಅಲ್ಲಾಡುತ್ತದೆ.

ಕುಂದಾ ಬೇಕು

😂😂

ಉದ್ಯಮಬಾಗ್ ಶೀಟ್‌ಮೆಟಲ್

ಸುಮ್ನೆ ಓದುತ್ತಾ ಇದ್ದೆ, ಸ್ಕ್ರೂ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಶೀಟ್‌ಮೆಟಲ್ ಕೆಲಸದವನು. ನನ್ನ ಪಿಸಿಯ ಕೇಸ್ ನಾನೇ ಮಾಡಿಕೊಂಡಿದ್ದೇನೆ. 1.2 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟು, ಲೇಸರ್ ಕಟಿಂಗ್, ಬೆಂಡ್, ಪೌಡರ್ ಕೋಟಿಂಗ್. ಎಲ್ಲಾ ಇಲ್ಲೇ ಆಯಿತು.

ಸುಲಭ ಅಂತ ತಿಳಿಯಬೇಡಿ. ಹಿಂದಿನ ಪೋರ್ಟುಗಳ ಕಿಂಡಿ 158.75×44.45 ಮಿ.ಮೀ. ಇರಲೇಬೇಕು, ಅರ್ಧ ಮಿ.ಮೀ. ತಪ್ಪಿದರೂ ಐ/ಓ ಶೀಲ್ಡ್ (ಪೋರ್ಟುಗಳ ಸುತ್ತ ಬರುವ ತಗಡು) ಕೂರುವುದಿಲ್ಲ ಅಥವಾ ಕೂತದ್ದು ಬಿದ್ದುಹೋಗುತ್ತದೆ. ಕೋಟಿಂಗ್ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲಾಂದರೆ ಎಲ್ಲಾ ಕಿಂಡಿ ಬಿಗಿ ಆಗುತ್ತದೆ. ಇನ್ನೊಂದು, ಪವರ್ ಸಪ್ಲೈ ಸ್ಕ್ರೂ, ಬೋರ್ಡಿನ ಸ್ಕ್ರೂ ಬಹಳಷ್ಟು 6-32 ಅನ್ನುವ ಇಂಚಿನ ಥ್ರೆಡ್. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ3, ಎಂ4 ಬೇಕಾದಷ್ಟು ಸಿಗುತ್ತದೆ, 6-32 ಕೇಳಿದರೆ ಮುಖ ನೋಡುತ್ತಾರೆ. ಎಂ3 ಹಾಕಿದರೆ ಲೂಸು, ಎಂ4 ತುರುಕಿದರೆ ಥ್ರೆಡ್ ಮಟಾಷ್. ಕೇಸಿನ ಜೊತೆ ಬಂದ ಸ್ಕ್ರೂ ಪೊಟ್ಟಣವನ್ನು ಬಂಗಾರದ ಹಾಗೆ ಎತ್ತಿಡಿ.

ದುಡ್ಡು ಉಳಿಸಲು ಯಾರೂ ಇದಕ್ಕೆ ಕೈ ಹಾಕಬೇಡಿ. ಒಂದೇ ಪೀಸ್ ಕಟಿಂಗಿಗೆ ಹೋದರೆ ಅಂಗಡಿಯ ಕೇಸಿಗಿಂತ ಜಾಸ್ತಿ ಆಗುತ್ತದೆ. ಖುಷಿಗೆ ಮಾಡುವುದಾದರೆ ಮಾತು ಬೇರೆ.

ಮಾಸ್ತರ್

ಫೋಟೋ ಹಾಕಿ ಸರ್, ಬರೀ ಹೇಳಿ ಬಿಟ್ಟರೆ ಆಗುತ್ತದೆಯೇ?

ಉದ್ಯಮಬಾಗ್ ಶೀಟ್‌ಮೆಟಲ್

ಮನೆಗೆ ಹೋದ ಮೇಲೆ ಹಾಕುತ್ತೇನೆ. ಬಣ್ಣ ನೋಡಿ ನಗಬಾರದು, ಆವತ್ತು ಕೋಟಿಂಗ್ ಲೈನಿನಲ್ಲಿ ಟ್ರ್ಯಾಕ್ಟರ್ ಪಾರ್ಟಿನ ಕೆಂಪು ಓಡುತ್ತಿತ್ತು.

ಇಳಕಲ್ ಸ್ಟೋನ್

ಒಂದು ಬೇರೆ ಪ್ರಶ್ನೆ. ನಮ್ಮ ಮನೆ ಹಳೆಯದು. ಪಿಸಿ ಕೇಸ್ ಮುಟ್ಟಿದರೆ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿದರೆ ಇಲ್ಲ. ಕೇಸ್ ಬದಲಾಯಿಸಿದರೆ ಹೋಗುತ್ತದಾ? ಪೂರ್ತಿ ಕಬ್ಬಿಣದ ಚಿಕ್ಕ ಕೇಸ್ ತಗೊಂಡರೆ ಇನ್ನೂ ಜಾಸ್ತಿ ಆಗುತ್ತದಾ ಅಂತ ಭಯ.

ಕೇಬಲ್ ಕಾಕಾ

ಕೇಸಿಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಮನೆಗೆ ಅರ್ಥಿಂಗ್ ಸರಿ ಇಲ್ಲ.

ಪವರ್ ಸಪ್ಲೈ ಒಳಗೆ ಫಿಲ್ಟರ್‌ಗೆ ಅಂತ ಎರಡು ಚಿಕ್ಕ ಕೆಪಾಸಿಟರ್ ಇರುತ್ತವೆ, ಒಂದು ಫೇಸಿನಿಂದ ಕೇಸಿನ ಬಾಡಿಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕೇಸಿನ ಬಾಡಿಗೆ. ಅರ್ಥ್ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಬಾಡಿ 230ರ ಅರ್ಧಕ್ಕೆ, ಅಂದರೆ 115 ವೋಲ್ಟಿನ ಆಸುಪಾಸು ತೇಲುತ್ತದೆ. ಕರೆಂಟ್ ಬಹಳ ಕಡಿಮೆ, ಅದಕ್ಕೇ ಬರೀ ಜುಮ್. ಆದರೆ ಎಚ್‌ಡಿಎಂಐ ಹಾಕುವಾಗ, ಯುಎಸ್‌ಬಿ ಚುಚ್ಚುವಾಗ ಪೋರ್ಟ್ ಸುಡಬಹುದು. ನಿಜವಾದ ಫಾಲ್ಟ್ ಬಂದ ದಿನ ಜುಮ್ ಅನ್ನುವುದಿಲ್ಲ, ನೇರ ಹೊಡೆಯುತ್ತದೆ.

ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಚೆಕ್ ಮಾಡಿಸಿ. ಗುಂಡಿ ಇದ್ದರೆ, ಬೇಸಿಗೆಯಲ್ಲಿ ಅದು ಒಣಗಿರುತ್ತದೆ, ನೀರು ಹಾಕಿ. ಇಲ್ಲದಿದ್ದರೆ ಹೊಸದು ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಪಿಸಿ ಹಾಕಿದ್ದರೆ ಅದನ್ನು ಇವತ್ತೇ ತೆಗೆಯಿರಿ.

ಇಳಕಲ್ ಸ್ಟೋನ್

ಎರಡು ಪಿನ್ನಿನದೇ ಇತ್ತು. ತೆಗೆದೆ. ಥ್ಯಾಂಕ್ಸ್ ಕಾಕಾ.

ಜೋಳದ ರೊಟ್ಟಿ

ಇನ್ನೊಂದು ಮಾತು ಸೇರಿಸಿ, ಹಲ್ಲಿ. ಹಿಂದಿನ ಸ್ಲಾಟ್ ಪಟ್ಟಿ ಕಿತ್ತು ಹಾಗೇ ಬಿಟ್ಟಿದ್ದರು ನಮ್ಮ ಮನೆಯಲ್ಲಿ. ಒಳಗೆ ಬೆಚ್ಚಗಿರುತ್ತಲ್ಲ, ಹಲ್ಲಿ ಸಂಸಾರ ಹೂಡಿತ್ತು. ಫ್ಯಾನ್ ನಿಂತಿತು ಅಂತ ಬಿಚ್ಚಿದರೆ, ಬೇಡ ಬಿಡಿ, ಊಟದ ಹೊತ್ತು.

ಬನಹಟ್ಟಿ ಮಗ್ಗ

ಖಾಲಿ ಸ್ಲಾಟಿಗೆ ಪಟ್ಟಿ ಹಾಕಲೇಬೇಕು, ಸತ್ಯ. ಇಲ್ಲಾಂದರೆ ಫಿಲ್ಟರ್ ಹಾಕಿದ್ದೂ ದಂಡ, ಧೂಳು ಹಿಂದಿನಿಂದ ಬರುತ್ತದೆ. ಒಳಗೆ ಊದುವ ಫ್ಯಾನ್ ಹೊರಗೆ ಎಳೆಯುವುದಕ್ಕಿಂತ ಜಾಸ್ತಿ ಇರಬೇಕು, ಆಗ ಸಂದಿಯಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಎ3 ತಗೊಂಡರೆ ಕೆಳಗೆ ಎರಡು ಊದಲಿ, ಹಿಂದೆ ಒಂದು ಎಳೆಯಲಿ. ಪರದೆ ಕೆಳಗಿನದಕ್ಕೆ ಹಾಕಿ. ಫಿಲ್ಟರ್ ದಾಟಿ ಎಳೆಯುವ ತಾಕತ್ತಿರುವ ಫ್ಯಾನ್ ಬೇಕು, ಆರ್ಕ್ಟಿಕ್ ಪಿ12 ಅಂಥದ್ದು. ಚಾಪೆ ಮೇಲೆ, ಹಾಸಿಗೆ ಮೇಲೆ ಕೇಸ್ ಇಡಬೇಡಿ. ಕೆಳಗಿನ ಉಸಿರೇ ಕಟ್ಟುತ್ತದೆ.

ನವನಗರ ಎಡಿಟರ್

ಎಲ್ಲರಿಗೂ ಧನ್ಯವಾದ. ಅಳತೆ ತೆಗೆದೆ. ಕಾರ್ಡ್ 240 ಮಿ.ಮೀ., ಪವರ್ ಸಪ್ಲೈ 140, ಕೂಲರ್ 155. ಬೋರ್ಡು 244×244. ಎ3ಗೆ ಎಲ್ಲಾ ಕೂರುತ್ತದೆ ಅನಿಸುತ್ತಿದೆ. ಐಟಿಎಕ್ಸ್ ಆಸೆ ಬಿಟ್ಟೆ. ಉಳಿದ ದುಡ್ಡಿಗೆ ಇನ್ನೊಂದು ಎಸ್‌ಎಸ್‌ಡಿ ಹಾಕಿಕೊಳ್ಳುತ್ತೇನೆ, ಕ್ಲಿಪ್ ತುಂಬಲು ಜಾಗ ಸಾಲುತ್ತಿಲ್ಲ. ರ‍್ಯಾಮ್ ರೇಟ್ ನೋಡಿದರೆ ಅದರ ತಂಟೆಗೇ ಹೋಗುವುದಿಲ್ಲ.

ಎರಡು ಡೌಟು. ಬಸ್ಸಿನಲ್ಲಿ ಒಯ್ಯುವಾಗ ಟವರ್ ಕೂಲರ್ ಹಾಗೇ ಬಿಡಲಾ? ಇದನ್ನು ಬೆಳಗಾವಿಯಲ್ಲೇ ಕೊಳ್ಳಲಾ, ಆನ್‌ಲೈನಾ?

ಗುಮ್ಮಟ ಗೇಮರ್

ಆಯಿತು, ನಾನು ಸೋತೆ ಅಂತ ಬರೆದುಕೊಳ್ಳಿ. ಆದರೆ ಮುಂದಿನ ಸಲ ಬೋರ್ಡ್ ಬದಲಾಯಿಸುವಾಗ ಐಟಿಎಕ್ಸ್ ತಗೊಳ್ಳಿ, ಆಗ ಮಾತಾಡೋಣ.

ಮಾಸ್ತರ್

ಬೆಳಗಾವಿಯ ಅಂಗಡಿಗಳಲ್ಲಿ ಇಂಥ ಕೇಸ್ ಸ್ಟಾಕ್ ಇಡುವುದು ಕಡಿಮೆ, ಆರ್ಡರ್ ಹಾಕಿ ತರಿಸಿ ಕೊಡುತ್ತಾರೆ. ಒಮ್ಮೆ ಕೇಳಿ ನೋಡಿ, ಆನ್‌ಲೈನ್ ರೇಟಿಗೆ ಹತ್ತಿರ ಬಂದರೆ ಅಲ್ಲೇ ತಗೊಳ್ಳಿ. ಮೂಲೆ ಜಜ್ಜಿ ಬಂದರೆ ಎದುರಿಗೆ ಕೂತು ಜಗಳ ಆಡಬಹುದು. ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಎಸ್‌ಪಿ ರೋಡಿನಲ್ಲಿ ವಿಚಾರಿಸಲಿ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಬೆಳಗಾವಿ ಮುಟ್ಟುತ್ತದೆ.

ಲ್ಯಾಪ್‌ಟಾಪ್ ಪಾರ್ಟಿ

ರೈಲಿನಲ್ಲಿ ಕೇಸು, ಬಸ್ಸಿನಲ್ಲಿ ಪಿಸಿ. ಲ್ಯಾಪ್‌ಟಾಪ್ ಆಗಿದ್ದರೆ ಇಷ್ಟು ಹೊತ್ತಿಗೆ ಎರಡು ಮದುವೆ ಎಡಿಟ್ ಆಗಿರುತ್ತಿತ್ತು.

ಕೇಬಲ್ ಕಾಕಾ

ನೀವು ಇನ್ನೂ ಇಲ್ಲೇ ಇದ್ದೀರಾ?

ಎಡಿಟರ್ ತಮ್ಮಾ, ಕೂಲರ್ ಬಿಚ್ಚುವುದು ಬೇಡ. ಪ್ರತಿ ಸಲ ಪೇಸ್ಟ್ ಹಚ್ಚುತ್ತಾ ಕೂರಬೇಕಾಗುತ್ತದೆ. ಎಎಂ4ನಲ್ಲಿ ಪೇಸ್ಟ್ ಒಣಗಿದ್ದರೆ ಎಳೆದಾಗ ಸಿಪಿಯು ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗಿದರೆ ಕಥೆ ಮುಗಿಯಿತು. ಕೇಸನ್ನು ಮಲಗಿಸಿ ಒಯ್ಯಿ, ಬೋರ್ಡು ನೆಲಕ್ಕೆ ಸಮ ಇರಬೇಕು, ಸಿಪಿಯು ಮುಖ ಮೇಲೆ. ಆಗ ಕೂಲರ್ ಭಾರ, ಕಾರ್ಡಿನ ಭಾರ ಎರಡೂ ನೇರ ಕೆಳಗೆ ಬೀಳುತ್ತದೆ, ಸ್ಲಾಟಿಗೆ ಜೋತು ಬೀಳುವುದಿಲ್ಲ. ಡಿಕ್ಕಿಯಲ್ಲಿ ಹಾಕಬೇಡ. ಕಾಲ ಹತ್ತಿರ ಇಟ್ಟುಕೋ, ಕೆಳಗೆ ಒಂದು ಹಳೇ ಕೌದಿ ಮಡಚಿ ಹಾಕು. ಒಳಗೆ ಏನೂ ತುರುಕಬೇಡ. ಕೆಲವರು ಒಳಗೆ ಥರ್ಮಾಕೋಲ್ ತುಂಬುತ್ತಾರೆ, ಅದರ ಕಾಳು ಫ್ಯಾನಿಗೆ ಸಿಕ್ಕಿ ಹಾಕಿಕೊಳ್ಳುತ್ತದೆ. ಮನೆ ಮುಟ್ಟಿದ ಮೇಲೆ ಹಾಕುವ ಮುಂಚೆ ಕಾರ್ಡನ್ನು ಒಮ್ಮೆ ಒತ್ತಿ ನೋಡು.

ನವನಗರ ಎಡಿಟರ್

ಸರಿ ಕಾಕಾ. ಉದ್ಯಮಬಾಗದ ಸರ್, ಎ3 ಮೇಲೆ ಒಂದು ಹ್ಯಾಂಡಲ್ ಕೂರಿಸಿ ಕೊಡುತ್ತೀರಾ? ಎತ್ತಲು ಅನುಕೂಲ.

ಉದ್ಯಮಬಾಗ್ ಶೀಟ್‌ಮೆಟಲ್

ಮೇಲಿನ ಜಾಲರಿಗೆ ಹಾಕಿದರೆ ಬರುವುದಿಲ್ಲ, ಅದು ಬರೀ ಸಿಕ್ಕಿಸಿದ ಪ್ಯಾನೆಲ್. ಎತ್ತಿದ ಕೂಡಲೇ ಜಾಲರಿ ಕೈಯಲ್ಲಿ, ಪಿಸಿ ಕಾಲ ಮೇಲೆ. ಹಾಕುವುದಾದರೆ ಒಳಗಿನ ಫ್ರೇಮಿಗೆ ಪಟ್ಟಿ ಕೊಟ್ಟು ಎರಡು ಕಡೆ ಹಿಡಿಸಬೇಕು, ಅದೂ ಬೋರ್ಡು ಹಾಕುವ ಮುಂಚೆ. ಒಳಗೆ ಪಾರ್ಟ್ ಇರುವಾಗ ಡ್ರಿಲ್ ಹಿಡಿದರೆ ಕಬ್ಬಿಣದ ಚೂರು ಎಲ್ಲೆಲ್ಲಿ ಹೋಗುತ್ತದೋ ದೇವರೇ ಬಲ್ಲ.

ಕೇಸ್ ಬಂದ ಮೇಲೆ ಖಾಲಿ ಇರುವಾಗಲೇ ತಗೊಂಡು ಬನ್ನಿ. ಭಾನುವಾರ ಬಂದ್ ಇರುತ್ತದೆ, ಸೋಮವಾರ ಸಂಜೆ ಐದರ ಮೇಲೆ ಬಂದರೆ ನಾನು ಫ್ರೀ.

ಜೋಳದ ರೊಟ್ಟಿ

ಹ್ಯಾಂಡಲ್ ಕೂಡ ಟ್ರ್ಯಾಕ್ಟರ್ ಕೆಂಪಾ?